ಆರದ ನೀರಿನ ಚಹಾ

ಅಬುಧಾಬಿಯ ಟೂರಿಸ್ಟ್ ಕ್ಲಬ್ ಏರಿಯಾದಲ್ಲಿ ನಮ್ಮ ಎದುರು ಫ್ಲ್ಯಾಟಿನಲ್ಲಿದ್ದ ಕೊರಿಯಾದ ಹೆಣ್ಣುಮಗಳು ನನ್ನನ್ನು ‘ಓನ್ನಿ’ ಎನ್ನುತ್ತಿದ್ದಳು. ಅವರ ಭಾಷೆಯಲ್ಲಿ ಅಕ್ಕ ಎಂದರ್ಥ. ನಮ್ಮ ಮಾತೆಲ್ಲ ಹರಕುಮುರುಕು ಇಂಗ್ಲಿಷಿನಲ್ಲಿ. ಹಸಿರು ಚಹಾ ಮಾಡುವಾಗ ಕುದಿದ ನೀರನ್ನು ಬೋಗುಣಿಗೆ ಸುರಿದು ಸುಮ್ಮನೆ ಕಾಯುತ್ತಿದ್ದಳು. ಅವಸರಪಡಿಸಿದರೆ, “ತಾಳು ಓನ್ನಿ, ನೀರಿನ ಸಿಟ್ಟು ಇಳಿಯಲಿ, ಇಲ್ಲದಿದ್ದರೆ ಎಲೆ ಕಹಿಯಾಗುತ್ತೆ” ಎನ್ನುವಳು. ಮೊದಲ ಬಟ್ಟಲು ಬುದ್ಧನಿಗೆ, ಆಮೇಲೆ ನಮಗೆ.

“ಹಾಲಿಲ್ಲ, ಸಕ್ಕರೆಯಿಲ್ಲ, ನಿನ್ನ ಬುದ್ಧನಿಗೆ ಇದೆಂಥ ಉಪವಾಸ ಮಾರಾಯ್ತಿ?” ಎಂದರೆ ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಿದ್ದಳು.

ಊರಿನಲ್ಲಿ ಅವಳ ತಾಯಿ ತೀರಿಕೊಂಡಾಗ ಇವಳು ಏಳು ತಿಂಗಳ ಬಸುರಿ. ವಿಮಾನ ಹತ್ತುವುದು ಬೇಡವೆಂದರು ಡಾಕ್ಟರು. ತೀರಿಕೊಂಡವರನ್ನು ನಲವತ್ತೊಂಬತ್ತನೆಯ ದಿನ ಬೀಳ್ಕೊಡುವುದು ಅವರ ಪದ್ಧತಿ. ಅಂದು ನನ್ನನ್ನು ಕರೆದಳು. ತಾಯಿ ಕೈಯಾರೆ ಕೊಯ್ದು ಕಳಿಸಿದ್ದ ಚಹಾ ಎಲೆ ಒಂದು ಹಿಡಿಯಷ್ಟೇ ಉಳಿದಿತ್ತು. ಅಷ್ಟನ್ನೂ ಹಾಕಿ, ಅಳುತ್ತಾ, ಕುದಿಯುವ ನೀರನ್ನೇ ಸುರಿದುಬಿಟ್ಟಳು.

ತಾಯಿಯ ಫೋಟೋದ ಮುಂದೆ ಬಟ್ಟಲು ಇಟ್ಟ ಮೇಲೆ ಅವಳಿಗೆ ಅರಿವಾಯಿತು. “ಕಹಿಯಾಗಿರುತ್ತೆ ಓನ್ನಿ. ಅಮ್ಮನಿಗೆ ಕೊಡುವ ಕೊನೆಯ ಚಹಾ. ಬೇರೆ ಎಲೆಯೂ ಇಲ್ಲ.”

ಹೋಗಿ ಅವಳ ಪಕ್ಕ ಕೂತೆ. ಅಷ್ಟಾದರೂ ದೇವರು ನಡೆಸಿಕೊಟ್ಟನಲ್ಲ ಎಂದುಕೊಂಡೆ. ಅರ್ಪಿಸಿದ್ದನ್ನು ಬಂದವರು ಆಮೇಲೆ ಕುಡಿಯಬೇಕಂತೆ, ನಮ್ಮ ಪ್ರಸಾದದ ಹಾಗೆ. ಎರಡೂ ಕೈಯಲ್ಲಿ ಹಿಡಿದು ಕುಡಿದೆ.

“ತುಂಬಾ ಕಹಿಯಾ?” ಎಂದಳು.

“ಪ್ರಸಾದಕ್ಕೆ ರುಚಿ ನೋಡಬಾರದು.”

ಉಳಿದ ಗುಟುಕನ್ನು ತಾನು ಕುಡಿದು, ಫೋಟೋವನ್ನೇ ನೋಡುತ್ತಾ, “ಅಮ್ಮ ಇದ್ದಿದ್ದರೆ ಬೈದು, ಇನ್ನೊಂದು ಸಲ ಮಾಡಿಸುತ್ತಿದ್ದಳು” ಎಂದಳು.