ಹಾಡುವ ಎತ್ತು

ಮೊನ್ನೆ ಮೊಮ್ಮಗಳು ಅಟ್ಟದ ಮೇಲಿದ್ದ ಕಬ್ಬಿಣದ ಪೆಟ್ಟಿಗೆಯನ್ನು ಕೆಳಗಿಳಿಸಿದಳು. ಮುಚ್ಚಳ ತೆಗೆದ ಕೂಡಲೇ ಬಜೆಯ ವಾಸನೆ ನಡುಮನೆಯೆಲ್ಲ ಹರಡಿತು. ಹುಳ ಹಿಡಿಯಬಾರದೆಂದು ಆ ಬೇರನ್ನು ನಾನೇ ಎಂದೋ ಹಾಕಿಟ್ಟಿದ್ದೆ. ಪೆಟ್ಟಿಗೆಯ ತಳದಲ್ಲಿ ಖಾಕಿ ಬಟ್ಟೆಯಲ್ಲಿ ಸುತ್ತಿದ ಅಂಗೈ ಅಗಲದ ಪುಸ್ತಕ ಇತ್ತು. ಅವಳು ಎರಡು ಹಾಳೆ ತಿರುವಿ, "ಇದು ಯಾವ ಭಾಷೆ ಅಜ್ಜಿ?" ಎಂದಳು. ಕನ್ನಡವೇ ಕಣೇ ಎಂದೆ. ನಂಬಲಿಲ್ಲ. ಫೋನಿನಲ್ಲಿ ಫೋಟೊ ತೆಗೆದು ಅದರಿಂದ ಓದಿಸಲು ನೋಡಿದಳು. ಅದಕ್ಕೂ ಆಗಲಿಲ್ಲ.

ಆ ಪುಸ್ತಕದ ಅಕ್ಷರ ಓದಲು ಬರುವುದು ಈಗ ನನಗೊಬ್ಬಳಿಗೇ. ಅದರ ಅರ್ಥ ತಿಳಿದಿದ್ದವರು ಪಕ್ಕದ ಮನೆಯ ದೊಡ್ಡಮ್ಮ. ಅವರು ಹೋಗಿ ಬಹಳ ವರ್ಷವಾಯಿತು...

ಮೊಮ್ಮಕ್ಕಳೇ, ನಾಲ್ಕು ಜನರ ಮುಂದೆ ಮಾತಾಡಲು ನನಗೆ ಆಗುವುದಿಲ್ಲ, ನಿಮಗೆ ಗೊತ್ತು. ಅದಕ್ಕೇ ಬರೆಯುತ್ತಿದ್ದೇನೆ.

ನಾನು ಸಿಂಗಟಗೆರೆಯಿಂದ ಅಜ್ಜಂಪುರಕ್ಕೆ ಸೊಸೆಯಾಗಿ ಬಂದಾಗ ಮಾವ, ಅಂದರೆ ನಿಮ್ಮ ಮುತ್ತಜ್ಜ, ತೀರಿಹೋಗಿ ಎರಡು ವರ್ಷವಾಗಿತ್ತು. ದನ ಕಾಯುವ ಮನೆತನ. ದೊಡ್ಡ ಯುದ್ಧದ ಕಾಲದಲ್ಲಿ ಎತ್ತು ಹೊಡೆಯಲು ಬಲ್ಲವರು ಬೇಕೆಂದು ದಂಡಿನವರು ಅವರನ್ನು ಬರ್ಮಾದ ಕಡೆ ಕರೆದುಕೊಂಡು ಹೋಗಿದ್ದರು. ಜೊತೆಗೆ ಹೋದವರು ಪಕ್ಕದ ಮನೆಯ ಗೆಳೆಯ. ಮಾವ ವಾಪಸು ಬಂದರು, ಗೆಳೆಯ ಬರಲಿಲ್ಲ. ಸರ್ಕಾರದಿಂದ 'ಪತ್ತೆಯಿಲ್ಲ' ಎಂಬ ಕಾಗದ ಮಾತ್ರ ಬಂತು. ಗೆಳೆಯನ ಹೆಂಡತಿಯೇ ಈ ದೊಡ್ಡಮ್ಮ. ಅವರು ಕೇಳಿದಾಗಲೆಲ್ಲ ಮಾವ ಒಂದೇ ಮಾತು ಹೇಳುತ್ತಿದ್ದರಂತೆ: "ಅವನನ್ನ ಬೇರೆ ಕಡೆ ಕಳಿಸಿದ್ರು. ಬತ್ತಾನೆ ಬಿಡವ್ವ."

ಆ ಮಾತನ್ನು ನಂಬಿ ದೊಡ್ಡಮ್ಮ ಮೂವತ್ತು ವರ್ಷ ಹಣೆ ತುಂಬ ಕುಂಕುಮ ಇಟ್ಟಿದ್ದರು. ಬರ್ಮಾದಲ್ಲಿ ಇನ್ನೊಂದು ಸಂಸಾರ ಮಾಡಿಕೊಂಡಿದ್ದಾನೆ ಎಂದು ಬಾವಿಯ ಹತ್ತಿರ ಯಾರಾದರೂ ಕುಟುಕಿದರೆ, "ಮಾಡ್ಕಳ್ಲಿ ಬಿಡು. ಆ ಪುಣ್ಯಾತ್ಗಿತ್ತಿ ಅವನ ಗೊರಕೆ ಹೆಂಗೆ ತಡೀತಾಳೋ" ಎಂದು ನಕ್ಕು ಕೊಡ ಎತ್ತಿಕೊಂಡು ಬರುತ್ತಿದ್ದರು. ನನ್ನನ್ನು ಹೆಸರು ಹಿಡಿದು ಕರೆದದ್ದೇ ಇಲ್ಲ. "ಲೇ ಸಿಂಗಟಗೆರೆ" ಎಂದೇ ಕರೆಯುವುದು. ಹೊಸ ಮನೆಯಲ್ಲಿ ಬಾಯಿಬಿಡದೆ ಕೂರುತ್ತಿದ್ದ ನಾನು ಮೊದಲು ಜೋರಾಗಿ ನಕ್ಕದ್ದು ಅವರ ಹಿತ್ತಲಲ್ಲಿ.

ಮಾವನ ಪೆಟ್ಟಿಗೆ ಒರೆಸುವಾಗ ನನಗೆ ಈ ಪುಸ್ತಕ ಸಿಕ್ಕಿತು. ಅಕ್ಷರಗಳಿಗೆ ತಲೆಕಟ್ಟೇ ಇರಲಿಲ್ಲ. ಪದಕ್ಕೂ ಪದಕ್ಕೂ ನಡುವೆ ಜಾಗವೂ ಇರಲಿಲ್ಲ. ನಿಮ್ಮ ತಾತ ಎರಡು ಸಾಲು ನೋಡಿ ಕೈಬಿಟ್ಟಿದ್ದರು. ನಾನು ಓದಿದ್ದು ಏಳನೇ ಕ್ಲಾಸು, ಅದೂ ಹಳ್ಳಿಯ ಶಾಲೆಯಲ್ಲಿ. ಆದರೆ ಮಧ್ಯಾಹ್ನಗಳು ಉದ್ದವಾಗಿದ್ದವು. ಸ್ಲೇಟಿನ ಮೇಲೆ ಒಂದೊಂದೇ ಅಕ್ಷರ ಬರೆದು, ತಲೆಕಟ್ಟು ಹಾಕಿ, ಎಲ್ಲಿ ಕಡಿದರೆ ಮಾತಾಗುತ್ತದೆ ಎಂದು ನೋಡುತ್ತಿದ್ದೆ. ಮೂರು ತಿಂಗಳಿಗೆ ಕೈ ಹಿಡಿಯಿತು. ಇಷ್ಟು ಕಷ್ಟಪಟ್ಟು ಓದಿದರೆ ಅಲ್ಲಿದ್ದದ್ದು ಬರೀ ಎತ್ತುಗಳ ಪಟ್ಟಿ! ಬಣ್ಣ, ಸುಳಿ, ಹಲ್ಲು, ಯಾವ ಊರಿನದು, ಮೇಯುತ್ತಿದೆ, ಕುಂಟುತ್ತಿದೆ... "ಅಪ್ಪನಿಗೆ ಅಲ್ಲೂ ದನದ್ದೇ ಧ್ಯಾನ" ಎಂದು ನಿಮ್ಮ ತಾತ ನಕ್ಕರು. ನಾನೂ ಎತ್ತಿಟ್ಟೆ.

ಆ ವರ್ಷವೇ ದೊಡ್ಡಮ್ಮನ ಸಾಕುಮಗಳಿಗೆ ತರೀಕೆರೆಯ ಗಂಡು ಗೊತ್ತಾಯಿತು. ಹುಡುಗಿ ದೊಡ್ಡಮ್ಮನ ತಂಗಿಯ ಮಗಳು. ಹೆತ್ತ ಎಂಟನೇ ದಿನಕ್ಕೆ ತಾಯಿ ಹೋಗಿ, ದೊಡ್ಡಮ್ಮನೇ ತಾಯಿಯಾಗಿದ್ದರು. ಮದುವೆಗೆ ಹನ್ನೆರಡು ದಿನ ಇದೆ ಎನ್ನುವಾಗ ಗಂಡಿನ ಕಡೆಯಿಂದ ಒಂದು ಮಾತು ಬಂತು. ಹುಡುಗಿಗೆ ಮಡಿಲಕ್ಕಿ ತುಂಬುವವರು ಮುತ್ತೈದೆಯಾಗಿರಬೇಕು. ಗಂಡ ಇದ್ದಾನೋ ಇಲ್ಲವೋ ತಿಳಿಯದವರ ಕೈಯಿಂದ ಬೇಡ. ಅದಕ್ಕೆ ಹುಡುಗಿ, "ನನ್ನವ್ವ ತುಂಬದಿದ್ರೆ ನನಗೆ ಮದುವೇನೇ ಬೇಡ" ಎಂದು ಬಾಗಿಲು ಹಾಕಿಕೊಂಡಳು. ಭಾನುವಾರ ಗಂಡಿನ ದೊಡ್ಡಪ್ಪ ಬಂದು ತೀರ್ಮಾನ ಮಾಡುವುದೆಂದಾಯಿತು.

ಶುಕ್ರವಾರ ದೊಡ್ಡಮ್ಮ ನಮ್ಮ ಹಿತ್ತಲ ಬಾಗಿಲಿಗೆ ಬಂದರು. ಅವರ ಮುಖದಲ್ಲಿ ನಗು ಇಲ್ಲದ್ದನ್ನು ನಾನು ಆವತ್ತೇ ಮೊದಲು ಕಂಡದ್ದು.

"ಲೇ ಸಿಂಗಟಗೆರೆ, ನಿನ್ನ ಮಾವನ ಪುಸ್ತಕ ತೆಗಿ. ಅದ್ರಾಗೆ ನಮ್ಮೋರ ಸುದ್ದಿ ಏನಾರ ಐತಾ ನೋಡು."

"ಬರೀ ಎತ್ತಿನ ಸುದ್ದಿ ದೊಡ್ಡಮ್ಮ."

"ಅದನ್ನೇ ಓದು ಮತ್ತೆ. ನನಗೆ ಎತ್ತೂ ಗೊತ್ತು."

ಓದತೊಡಗಿದೆ. 'ಮಚ್ಚೆ. ಲಿಂಗದಹಳ್ಳಿಯದು. ನಾಲ್ಕು ಹಲ್ಲು. ಬೀಡಿ ಕೇಳುತ್ತದೆ.' ದೊಡ್ಡಮ್ಮ ತಲೆ ಎತ್ತಿದರು. 'ಜೋಡಿಸುಳಿ. ಕಡೂರಿನದು. ತಾಯಿಯನ್ನು ನೆನೆದು ಅಳುತ್ತದೆ.' ಅವರು ಹತ್ತಿರ ಸರಿದು ಕೂತರು. 'ಎಡಗಿವಿ ಸೀಳು. ಅಜ್ಜಂಪುರದ್ದು. ಹೊರೆ ಹೊತ್ತಾಗಲೂ ಹಾಡುತ್ತದೆ.'

"ಎತ್ತು ಹಾಡ್ತದೇನೇ?" ಎಂದು ಅವರು ನನ್ನ ಮಣಿಕಟ್ಟು ಹಿಡಿದರು. "ಎಡಗಿವಿ... ಸಣ್ಣೋರಿದ್ದಾಗ ಯಾವನೋ ಜಗಳದಾಗೆ ಕಿವಿ ಕಡಕು ಹಿಡಿದು ಎಳೆದಿದ್ದ. ಹರಿದೋಗಿತ್ತು. ಅದು ನಮ್ಮೋರು ಕಣೇ."

ಆಗ ತಿಳಿಯಿತು. ದಂಡಿನಲ್ಲಿ ಕಂಡದ್ದನ್ನು ಬರೆದಿಟ್ಟುಕೊಳ್ಳಬಾರದೆಂದು ಕಟ್ಟಪ್ಪಣೆ ಇತ್ತಂತೆ. ಅದಕ್ಕೆ ಮಾವ ಮನುಷ್ಯರನ್ನೆಲ್ಲ ಎತ್ತು ಮಾಡಿದ್ದರು. ನಾನು ಹಾಳೆ ಹಾರಿಸಿ ಹಾರಿಸಿ 'ಎಡಗಿವಿ' ಎಂಬ ಮಾತನ್ನೇ ಹುಡುಕಿದೆ. ಮೇಯುತ್ತಿದೆ. ಕುಂಟುತ್ತಿದೆ. ಮತ್ತೆ ಮೇಯುತ್ತಿದೆ. ಕೊನೆಯ ಹಾಳೆ ನೀರು ಕುಡಿದು ಮಸುಕಾಗಿತ್ತು. 'ಹೊಳೆದಂಡೆ. ಎಡಗಿವಿ. ಹಗ್ಗ ಬಿಚ್ಚಿ' ಎನ್ನುವವರೆಗೆ ಕಂಡದ್ದೇ ನಾನು ಕುಣಿದುಬಿಟ್ಟೆ.

"ದೊಡ್ಡಮ್ಮ, ಹಗ್ಗ ಬಿಚ್ಚಿ ಬಿಟ್ಟೆ ಅಂತಿದೆ! ಬಿಡಿಸಿ ಕಳಿಸಿದ್ದಾರೆ! ಎಲ್ಲೋ ಇದ್ದಾರೆ!"

ಅವರು ನಗಲಿಲ್ಲ. "ಬಿಚ್ಚಿ ಬಿಟ್ಟೆ ಅಂತ ಐತೋ, ಬಿಚ್ಕಂಡೆ ಅಂತ ಐತೋ? ಬೆಳಕಿಗೆ ಹಿಡಿದು ನೋಡು."

ಬಾಗಿಲಿಗೆ ಹೋಗಿ ಹಿಡಿದು ನೋಡಿದೆ. 'ಬಿಚ್ಚಿಕೊಂಡೆ' ಎಂದಿತ್ತು. ಉಳಿದದ್ದನ್ನು ನಾನೇ ತುಂಬಿಕೊಂಡು ಓದಿದ್ದೆ. ಎರಡಕ್ಕೂ ಅಂಥ ಏನು ವ್ಯತ್ಯಾಸ ಎಂದು ನನಗೆ ತಿಳಿಯಲಿಲ್ಲ. ನನ್ನ ತವರು ತೆಂಗಿನ ತೋಟದ ಮನೆ, ದನದವರ ಮಾತು ಗೊತ್ತಿರಲಿಲ್ಲ.

ದೊಡ್ಡಮ್ಮ ನಿಧಾನವಾಗಿ ಹೇಳಿದರು. ಮೇಯಲು ಬಿಡುವಾಗ ಹಗ್ಗ ಬಿಚ್ಚಿ ಬಿಡುತ್ತಾರೆ, ಸಂಜೆಗೆ ಎತ್ತು ಬರುತ್ತದೆ. ಎತ್ತು ಮಾರಿದವನು ಹಗ್ಗ ಕೊಡುವುದಿಲ್ಲ, ಬಿಚ್ಚಿಕೊಂಡು ಹೆಗಲ ಮೇಲೆ ಹಾಕಿಕೊಂಡು ಬರುತ್ತಾನೆ. ಸತ್ತ ಎತ್ತನ್ನು ಹೂಳುವಾಗಲೂ ಹಾಗೇ. "ಮಾರಾಕೆ ಅವರೇನು ಎತ್ತೇ?" ಎಂದರು.

ಅವರು ಎದ್ದು, ಸೆರಗು ಕೊಡವಿ, ಹೊಸಿಲು ದಾಟುವಾಗ ತಿರುಗಿ ನೋಡದೆ ಹೇಳಿದರು: "ನೀನು ಮೊದಲು ಓದಿದ್ದೇ ಚೆನ್ನಾಗಿತ್ತು ಕಣೇ..."

ಭಾನುವಾರ ಊಟಕ್ಕೆ ಮುಂಚೆ ಗಂಡಿನ ದೊಡ್ಡಪ್ಪ ಇಬ್ಬರನ್ನು ಜೊತೆ ಮಾಡಿಕೊಂಡು ಬಂದರು. ದಪ್ಪ ಆಳು, ಅವರೂ ಎತ್ತು ಕಟ್ಟಿದವರೇ. ನಮ್ಮ ನಡುಮನೆಯಲ್ಲಿ ಚಾಪೆ ಹಾಸಿತ್ತು. ಪುಸ್ತಕದ ಎತ್ತುಗಳೆಂದರೆ ಮನುಷ್ಯರೇ ಎಂಬ ಸಂಗತಿ ಅಷ್ಟರಲ್ಲಿ ಬೀದಿಗೆಲ್ಲ ಗೊತ್ತಾಗಿತ್ತು. ಕೊನೆಯ ಹಾಳೆಯಲ್ಲಿ ಏನು ಬರೆದಿದೆ ಎಂಬುದು ಮಾತ್ರ ನಮ್ಮಿಬ್ಬರಿಗೇ ಗೊತ್ತಿತ್ತು. ನಿಮ್ಮ ತಾತ, "ನನಗೆ ಓದಕ್ಕೆ ಬರಲ್ಲ. ಇವಳೇ ಓದಬೇಕು" ಎಂದುಬಿಟ್ಟರು. ಮದುವೆಯಾಗಿ ವರ್ಷ ಕಳೆದಿದ್ದರೂ ಆ ನಡುಮನೆಯಲ್ಲಿ ಗಂಡಸರ ಮುಂದೆ ನಾನು ನಿಂತವಳಲ್ಲ. ಪುಸ್ತಕ ಹಿಡಿದುಕೊಂಡು ಬಾಗಿಲ ಮರೆಯಿಂದ ಹೊರಗೆ ಬಂದೆ.

ಬೀಡಿ ಕೇಳುವ ಎತ್ತು ಬಂದಾಗ ಎಲ್ಲರೂ ನಕ್ಕರು. "ನಮ್ಮನೇಲೂ ಅಂಥದ್ದು ಎರಡವೆ" ಎಂದು ದೊಡ್ಡಪ್ಪ ಪಕ್ಕದವರನ್ನು ತಿವಿದರು. ಹಾಡುವ ಎತ್ತು ಬಂದಾಗ ಎಲ್ಲರ ಕಣ್ಣೂ ದೊಡ್ಡಮ್ಮನ ಕಡೆ ತಿರುಗಿತು. ದೊಡ್ಡಮ್ಮ ಕಂಬಕ್ಕೆ ಒರಗಿ ನೆಲ ನೋಡುತ್ತಿದ್ದರು. ಅವರ ಹಿಂದೆ ಹುಡುಗಿ, ಸೆರಗಿನ ತುದಿ ಕಚ್ಚಿಕೊಂಡು. ಕೊನೆಯ ಹಾಳೆ ತಿರುವಿದೆ.

"ಹೊಳೆದಂಡೆ. ಎಡಗಿವಿ. ಹಗ್ಗ ಬಿಚ್ಚಿ... ಬಿಟ್ಟೆ."

"ಏನಂದೆ? ಇನ್ನೊಂದ್ಸಲ ಓದಮ್ಮ."

ಓದಿದೆ. ದೊಡ್ಡಪ್ಪ ಕೈ ಚಾಚಿದರು. ಪುಸ್ತಕ ಕೊಡದೆ ಬೇರೆ ದಾರಿ ಇರಲಿಲ್ಲ. ಹಾಳೆಯನ್ನು ಕಣ್ಣಿನ ಹತ್ತಿರ ಹಿಡಿದು ಅತ್ತ ಇತ್ತ ಹೊರಳಿಸಿದರು. ಆಮೇಲೆ ಒಂದು ಅಕ್ಷರದ ಮೇಲೆ ಉಗುರಿಟ್ಟು ನನ್ನ ಕಡೆ ತಿರುಗಿಸಿದರು.

"ಇದು ಯಾವ ಅಕ್ಷರ?"

ಉಗುರು ನೆಟ್ಟಗೆ 'ಕೊ' ಮೇಲೆಯೇ ಇತ್ತು.

"ಬಿ" ಎಂದೆ.

ಅವರು ನನ್ನ ಮುಖವನ್ನೇ ನೋಡಿದರು. ಎಷ್ಟು ಹೊತ್ತು ನೋಡಿದರೋ... "ಬಿಚ್ಕಂಡೆ ಅಂತ ಇದ್ದಿದ್ರೆ ಮಾತು ಬೇರೆ ಆಗ್ತಿತ್ತು" ಎಂದು ಪುಸ್ತಕ ಮುಚ್ಚಿ ನನ್ನ ಕೈಗೆ ಕೊಟ್ಟರು. "ಬಿಟ್ಟೆ ಅಂದ್ಮೇಲೆ ಎಲ್ಲೋ ಮೇಯ್ಕಂಡವ್ರೆ ಬಿಡ್ರಪ್ಪ. ತಾಯಿ ಕೈಯಾಗೇ ಮಡಿಲಕ್ಕಿ ತುಂಬ್ಸಿ." ಅವರು ನಿಜವಾಗಿ ನಂಬಿದರೋ, ತಿಳಿದೂ ಬಿಟ್ಟುಕೊಟ್ಟರೋ, ಇವತ್ತಿಗೂ ನನಗೆ ಗೊತ್ತಿಲ್ಲ.

ಮದುವೆಯಾಯಿತು. ದೊಡ್ಡಮ್ಮನೇ ಮಡಿಲಿಗೆ ಅಕ್ಕಿ, ಬೆಲ್ಲ, ಕೊಬ್ಬರಿ ತುಂಬಿದರು. ಹುಡುಗಿಯನ್ನು ತರೀಕೆರೆಗೆ ಕಳಿಸಿ ಬಂದ ಮರುದಿನ ನಮ್ಮ ಹಿತ್ತಲಿಗೆ ಬಂದು ಕಲ್ಲಿನ ಮೇಲೆ ಕೂತರು.

"ನನ್ನ ಗಂಡನ್ನ ಬದುಕಿಸ್ಬಿಟ್ಟೆ ಕಣೇ ಸಿಂಗಟಗೆರೆ. ಈಗ ನಾನು ಅಳಂಗೂ ಇಲ್ಲ."

ಅವರು ಅದನ್ನು ನಗುತ್ತಲೇ ಹೇಳಿದರು.

ಆಮೇಲೆ ಹದಿನಾರು ವರ್ಷ ಬದುಕಿದರು. ಪ್ರತಿದಿನ ಬೆಳಿಗ್ಗೆ ಆ ಕುಂಕುಮ ಇಟ್ಟುಕೊಳ್ಳುವಾಗ ಅವರ ಮನಸ್ಸಿನಲ್ಲಿ ಏನಿತ್ತೋ. ಗಂಡನಿಗೆಂದು ಒಂದು ಎಡೆ ಇಡಲಿಲ್ಲ, ಒಂದು ತಿಥಿ ಮಾಡಲಿಲ್ಲ. ಮಾಡಿದರೆ ಮಗಳ ಮನೆಗೆ ಸುದ್ದಿ ಹೋಗುತ್ತಿತ್ತು. ಅವರು ಸತ್ತಾಗ ಊರಿನ ಹೆಂಗಸರೆಲ್ಲ ಅರಿಶಿನ ಹಚ್ಚಿ ಹೂ ಮುಡಿಸಿ, "ಪುಣ್ಯವಂತೆ, ಮುತ್ತೈದೆಯಾಗೇ ಹೋದ್ಲು" ಎಂದರು. ನಾನೂ ಸಾಲಿನಲ್ಲಿ ನಿಂತು ಅರಿಶಿನ ಹಚ್ಚಿದೆ.

ನಿಮ್ಮ ತಾತ ಹೋದ ದಿನ ಎಲ್ಲರೂ ಬಂದು ನನ್ನನ್ನು ತಬ್ಬಿಕೊಂಡು, ತಡೀಬೇಡ, ಅತ್ತುಬಿಡು ಎಂದರು. ಅತ್ತೆ. ಅಳುತ್ತಲೇ ಅನಿಸಿತು, ಈ ಮಾತನ್ನು ದೊಡ್ಡಮ್ಮನಿಗೆ ಹೇಳಬಹುದಾಗಿದ್ದವಳು ಊರಿಗೆಲ್ಲ ನಾನೊಬ್ಬಳೇ. ಹಿತ್ತಲ ಬಾಗಿಲು ಹಾಕಿಕೊಂಡು, ಇಲ್ಲಿ ಅತ್ತುಬಿಡಿ ದೊಡ್ಡಮ್ಮ, ಯಾರೂ ಇಲ್ಲ ಎನ್ನಬಹುದಿತ್ತು. ನನಗೆ ಅದು ಹೊಳೆಯಲೇ ಇಲ್ಲ...

ಈವತ್ತು ಮಧ್ಯಾಹ್ನ ಮೊಮ್ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡೆ. ತಲೆಕಟ್ಟು ಎಲ್ಲಿ ಹಾಕಬೇಕು, ಎಲ್ಲಿ ಕಡಿಯಬೇಕು ಎಂದು ತೋರಿಸುತ್ತಾ ಕೊನೆಯ ಹಾಳೆ ಬರೆಸಿದೆ. ಅವಳು ಒಂದೊಂದೇ ಅಕ್ಷರ ಕೂಡಿಸಿ ಓದಿದಳು. "ಹಗ್ಗ ಬಿಚ್ಚಿಕೊಂಡೆ. ಹಾಗಂದ್ರೇನಜ್ಜಿ?"

"ಸತ್ತರು ಅಂತ" ಎಂದೆ.

ಆ ಮಾತು ನನ್ನ ಬಾಯಿಂದ ಹೊರಗೆ ಬಂದದ್ದು ಅದೇ ಮೊದಲು. ಪಕ್ಕದ ಮನೆಯಲ್ಲಿ ಈಗ ಬೇರೆಯವರಿದ್ದಾರೆ.