ವಿಷದ ಮನೆಯ ರೊಟ್ಟಿ

ಭಾನುವಾರ ಬೆಳಿಗ್ಗೆ ಕಮರಿಪೇಟೆಯ ಹಳೆಯ ಓಣಿಗಳಲ್ಲಿ ನಾನು ಜನರನ್ನು ಸುತ್ತಾಡಿಸುತ್ತೇನೆ. ನಾನು ಕಾಲೇಜಿನಲ್ಲಿ ಇತಿಹಾಸ ಪಾಠ ಹೇಳುವಾಗ ಆಕಳಿಸುತ್ತಿದ್ದ ಇದೇ ಊರಿನ ಜನ ಈಗ ಟೋಪಿ ಹಾಕಿಕೊಂಡು, ನೀರಿನ ಬಾಟಲಿ ಹಿಡಿದು, ಬಾಯಿ ತೆರೆದು ನನ್ನ ಹಿಂದೆ ಬರುತ್ತಾರೆ. ಅವರನ್ನು ಎಳೆದು ತರುವುದು ಇತಿಹಾಸವೇನಲ್ಲ, ಒಂದು ಕೊಲೆ.

ವಿಕ್ಟೋರಿಯಾ ರಾಣಿಯ ಕಾಲದಲ್ಲಿ ಈ ಪೇಟೆಯ ಒಬ್ಬ ಹತ್ತಿ ವ್ಯಾಪಾರಿ ಹೋಳಿಗೆ ಉಂಡು ಸತ್ತ. ಹೋಳಿಗೆಯಲ್ಲಿ ಪಾಷಾಣ ಬೆರೆಸಿದಳೆಂದು ಹೆಂಡತಿಯ ಮೇಲೆ ಧಾರವಾಡದಲ್ಲಿ ಮೊಕದ್ದಮೆ ನಡೆಯಿತು. ಗೊತ್ತಿರುವುದು ಇಷ್ಟೇ. ಮನೆ ಯಾವುದೆಂದು ಯಾರಿಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ಆದರೆ ಬಿಸಿಲಲ್ಲಿ ಅಷ್ಟು ದೂರ ನಡೆದು ಬಂದವರಿಗೆ ಹಾಗೆಂದರೆ ಮುಖ ಸಣ್ಣದಾಗುತ್ತದೆ. ಅದಕ್ಕೇ ಕೆತ್ತನೆಯ ಬಾಗಿಲಿದ್ದ ಒಂದು ಮನೆಯ ಮುಂದೆ ನಿಂತು, ದನಿ ತಗ್ಗಿಸಿ, "ಇದ ಆ ಮನಿ" ಎನ್ನತೊಡಗಿದೆ. ಬಾಗಿಲು ಫೋಟೋಗೆ ಚಂದವಿತ್ತು, ಅಷ್ಟೇ. ಉಪ್ಪು ಖಾರ ಹಚ್ಚಿ ಹೇಳುವುದರಲ್ಲಿ ನನ್ನನ್ನು ಮೀರಿಸುವವರಿಲ್ಲ. ಅಡುಗೆಮನೆಯ ಕಿಟಕಿಯನ್ನೂ ಬೆರಳು ಮಾಡಿ ತೋರಿಸುತ್ತಿದ್ದೆ.

ಆ ಕಿಟಕಿಯ ಒಳಗೆ ಒಬ್ಬ ಹೆಣ್ಣುಮಗಳು ರೊಟ್ಟಿ ಬಡಿಯುತ್ತಿದ್ದಳು. ಗಂಡ ತೀರಿಕೊಂಡ ಮೇಲೆ ಜೋಳದ ರೊಟ್ಟಿ, ಹೋಳಿಗೆ ಮಾಡಿ ಮಾರಿಯೇ ಆಕೆಯ ಸಂಸಾರ ನಡೆಯುತ್ತಿತ್ತು. ಆ ಬಡಿತವನ್ನೂ ನಾನು ಬಿಡಲಿಲ್ಲ. "ಕೇಳ್ರಿ, ಅವತ್ತೂ ಹಿಂಗ ಸಪ್ಪಳಾ ಬರಾಕತ್ತಿತ್ತು" ಎನ್ನುತ್ತಿದ್ದೆ. ಜನ ಮೈ ಜುಮ್ಮೆನಿಸಿಕೊಂಡು ನಗುತ್ತಿದ್ದರು.

ಹೋದ ತಿಂಗಳು ಒಂದು ಭಾನುವಾರ, ಜನ ಮುಂದಿನ ಓಣಿಗೆ ಹೊರಳಿದ ಮೇಲೆ ಆಕೆ ಹೊರಗೆ ಬಂದು ನನ್ನನ್ನು ತಡೆದಳು. ನಾನು ಜಗಳಕ್ಕೆ ಸೆರಗು ಕಟ್ಟಿ ನಿಂತೆ; ಜಗಳ ನನಗೆ ಚೆನ್ನಾಗಿ ಬರುತ್ತದೆ. ಆಕೆ ಜಗಳವಾಡಲಿಲ್ಲ.

"ಅಕ್ಕಾರ, ಗಬ್ಬೂರಿನವರು ಕುಬಸದ ಊಟಕ್ಕ ರೊಟ್ಟಿ, ಹೋಳಿಗಿ ಹೇಳಿದ್ರು. ಮೊನ್ನೆ ಬ್ಯಾಡ ಅಂದ್ರು. ಬಸುರಿ ಹುಡುಗಿಗೆ ವಿಷದ ಮನಿ ಹೋಳಿಗಿ ಹೆಂಗ ತಿನಿಸೂದು ಅಂದ್ರು. ಮೊಬೈಲ್‌ನ್ಯಾಗ ನಮ್ಮ ಬಾಗಲಾ ನೋಡ್ಯಾರಂತ್ರಿ. ಮೆಸ್ಸಿನವರೂ ರೊಟ್ಟಿ ಒಯ್ಯೂದು ಬಿಟ್ರು. ನೀವು ಕಲ್ತವರು, ನಿಮಗ ಗೊತ್ತಿರತೈತಿ. ಖರೇನ ನಮ್ಮ ಮನ್ಯಾಗ ಹಂಗ ಆಗಿತ್ತೇನ್ರಿ?"

ಆಕೆಯೂ ನಂಬಿದ್ದಳು.

"ಇಲ್ರಿ," ಎಂದೆ. "ನಾನ ಕಟ್ಟಿ ಹೇಳಿದ್ದು."

"ಮಾತು ಮನಿ ಕೆಡಿಸ್ತು, ತೂತು ಒಲಿ ಕೆಡಿಸ್ತು ಅಂತ ಸುಮ್ಮನ ಹೇಳಿಲ್ಲ ಬಿಡ್ರಿ," ಎಂದು ಆಕೆ ಒಳಗೆ ಹೋದಳು.

ನಾಚಿಕೆಯಾಯಿತು ಎಂದರೆ ಕಡಿಮೆಯೇ. ಅದರ ನಡುವೆಯೂ, ಇನ್ನು ಮುಂದೆ ಯಾವ ಬಾಗಿಲು ತೋರಿಸಲಿ ಎಂಬ ಯೋಚನೆ ಒಂದು ಸಲ ಇಣುಕಿ ಹೋಯಿತು. ನನ್ನ ಬಗ್ಗೆ ನನಗೇ ಹೇಸಿಗೆಯಾಯಿತು.

ವಾರದ ನಡುವೆ ಹೋಗಿ ಆಕೆಯನ್ನು ಕೇಳಿಕೊಂಡೆ: ಮುಂದಿನ ಭಾನುವಾರ ಬಂದವರಿಗೆಲ್ಲ ನಿಮ್ಮ ಕಟ್ಟೆಯ ಮೇಲೇ ನಾಷ್ಟಾ ಮಾಡಿಸುತ್ತೇನೆ, ಎಲ್ಲರೂ ಉಂಡರೆ ಊರ ಬಾಯಿ ಮುಚ್ಚುತ್ತದೆ. ಆಕೆ ಒಪ್ಪಿದಳು. ಭಾನುವಾರ ಬಿಸಿ ರೊಟ್ಟಿ, ಎಣ್ಣೆಗಾಯಿ ಪಲ್ಯ ತಯಾರಿಟ್ಟುಕೊಂಡು, ಇಸ್ತ್ರಿ ಮಾಡಿದ ಸೀರೆಯುಟ್ಟು ಬಾಗಿಲಲ್ಲಿ ನಿಂತಿದ್ದಳು.

ನಾನು ದೊಡ್ಡ ದನಿಯಲ್ಲಿ ಹೇಳಿದೆ: "ಇದು ಕೊಲಿ ಆದ ಮನಿ ಅಲ್ರಿ. ಇಷ್ಟು ದಿನಾ ನಾ ಸುಳ್ಳ ಹೇಳೇನಿ. ಇವತ್ತ ಎಲ್ಲಾರೂ ಇಲ್ಲೇ ನಾಷ್ಟಾ ಮಾಡ್ರಿ."

ಜನ ನಕ್ಕರು. ಇದೂ ಕಥೆಯ ಒಂದು ಭಾಗವೆಂದೇ ತಿಳಿದರು. ಹಿಂದಿನಿಂದ ಒಬ್ಬ ಕೂಗಿದ: "ಮದಲ ನೀವು ತಿನ್ರಿ ಮೇಡಂ, ಉಳದ್ರ ನಾವು ತಿಂತೇವಿ!" ಮೊಬೈಲುಗಳೆಲ್ಲ ನನ್ನ ಕಡೆ ತಿರುಗಿದವು.

ಆಕೆ ಮೊದಲ ರೊಟ್ಟಿಯನ್ನು ನನ್ನ ಕಡೆ ಚಾಚಿದಳು. ಕಥೆ ಕಟ್ಟಿದವಳು ನಾನು. ಅದು ಸುಳ್ಳೆಂದು ನನ್ನಷ್ಟು ಖಚಿತವಾಗಿ ಬಲ್ಲವರು ಇನ್ನೊಬ್ಬರಿಲ್ಲ. ಆದರೂ ನನ್ನ ಕೈ ಅರೆಗಳಿಗೆ ಹಿಂಜರಿಯಿತು. ಬೇರೆ ಯಾರೂ ಗಮನಿಸಲಿಲ್ಲ. ಆಕೆ ಗಮನಿಸಿದಳು.

ರೊಟ್ಟಿಯ ಅಂಚು ಮುರಿದು, ಪಲ್ಯ ಹಚ್ಚಿಕೊಂಡು, ನನ್ನ ಮುಖ ನೋಡುತ್ತಲೇ ತಾನು ತಿಂದಳು. ನುಂಗಿದ ಮೇಲೆ ಉಳಿದದ್ದನ್ನು ನನ್ನ ಕೈಯಲ್ಲಿಟ್ಟಳು.

"ಈಗ ತಿನ್ರಿ, ಅಕ್ಕಾರ."