ತುಪ್ಪ ಕಾಯುವ ಎಲೆ

ಬೆಣ್ಣೆ ಕಾಯಿಸಿ ಇಳಿಸುವ ಹೊತ್ತಿಗೆ ಅದರೊಳಗೆ ಒಂದು ಎಲೆ ಬಿದ್ದು ಚುರ್ರೆನ್ನುತ್ತದಲ್ಲ, ಆ ನಾದ ಕಿವಿಗೆ ಬಿದ್ದೊಡನೆ ನಾನು ಪತ್ರಿಕೆಯನ್ನು ಮಡಿಚಿಟ್ಟು ಅಡುಗೆಮನೆಯ ಬಾಗಿಲಲ್ಲಿ ಪ್ರತ್ಯಕ್ಷನಾಗುತ್ತೇನೆ. ಗರಿಗರಿಯಾದ ಆ ಎಲೆಗೆ ಚೂರು ಉಪ್ಪು ಸವರಿ ತಿನ್ನುವ ಹಕ್ಕು ಮದುವೆಯಾದಂದಿನಿಂದ ನನ್ನದು.

ಎಲೆಯ ನಿಜವಾದ ಕೆಲಸ ಬೇರೆ: ತುಪ್ಪ ಕಮಟು ಹಿಡಿಯದಂತೆ ಕಾಯುವುದು. ಆಮ್ಲಜನಕದ ಕಿತಾಪತಿಗೆ ಕಡಿವಾಣ ಹಾಕುವ, ಸೂಕ್ಷ್ಮಾಣುಗಳನ್ನು ದೂರವಿಡುವ ಗುಣ ಎಲೆಗಳ ಸಾರದಲ್ಲಿದೆಯೆಂದು ಈಗ ತಿನಿಸಿನ ಪೊಟ್ಟಣಗಳ ಮೇಲೂ ಅಚ್ಚು ಹಾಕುತ್ತಾರೆ. ಯಾವ ಎಲೆ ಎಂಬಲ್ಲಿಗೆ ಬಂದಾಗ ಮಾತ್ರ ನಮ್ಮ ಕೂಕಟ್‌ಪಲ್ಲಿಯ ಫ್ಲಾಟಿನಲ್ಲಿ ಒಮ್ಮತವಿರಲಿಲ್ಲ. ರಾಯಚೂರಿನವಳಾದ ನನ್ನ ಹೆಂಡತಿ ಶಾಂತಾಳಿಗೆ ವೀಳ್ಯದೆಲೆಯೇ ಪರಮಪ್ರಮಾಣ. ವಾರವೆಲ್ಲ ಹೈಟೆಕ್ ಸಿಟಿಯ ಕಂಪ್ಯೂಟರಿನೆದುರು ಕೂರುವ, ವರಂಗಲ್ಲಿನ ಸೊಸೆ ಶ್ರಾವಣಿಗೆ ತವರಿನ ನುಗ್ಗೆಸೊಪ್ಪು.

ಹೊಸದಾಗಿ ಬಂದ ಸೊಸೆ ಒಂದು ಭಾನುವಾರ ಆಸೆಯಿಂದ ತುಪ್ಪ ಕಾಯಿಸಿ ನುಗ್ಗೆಸೊಪ್ಪು ಹಾಕಿದಳು. ಶಾಂತಾ ಅದನ್ನು ಬೇರೆ ಭರಣಿಗೆ ತುಂಬಿ, ತನ್ನ ತುಪ್ಪದ ಪಕ್ಕದಲ್ಲಿಟ್ಟಳು. ಬೇಸಿಗೆಯಿಡೀ ಒಂದೇ ಹಲಗೆಯ ಮೇಲೆ ಎರಡು ಸರ್ಕಾರ. ಯಾವುದು ಮೊದಲು ಕಮಟು ಹಿಡಿಯಿತೆಂದು ತೀರ್ಪು ಕೊಡಬೇಕಾದ್ದು ಶಾಂತಾಳ ಮೂಗು. ಇಡೀ ಅಪಾರ್ಟ್‌ಮೆಂಟಿನ ಉಪ್ಪಿನಕಾಯಿಗಳು ವಿಚಾರಣೆಗೆ ಬರುತ್ತಿದ್ದುದು ಆ ಮೂಗಿನ ಮುಂದೆಯೇ. ನುಗ್ಗೆಯ ತುಪ್ಪ ಸೋತರೆ ಈ ಹುಡುಗಿ ಮತ್ತೆ ನಮ್ಮ ಒಲೆಯ ಹತ್ತಿರ ಸುಳಿಯಲಾರಳು, ಕೊನೆಯವರೆಗೂ ನೆಂಟಳಂತೆಯೇ ಉಳಿದಾಳು ಎಂದು ನನಗೆ ನಿಜವಾಗಿ ಭಯವಿತ್ತು.

ಮಳೆಗಾಲದ ಒಂದು ಬೆಳಿಗ್ಗೆ ಶಾಂತಾ ಎರಡೂ ಭರಣಿಗಳನ್ನು ತೆರೆದು ಮೂಸಿದಳು. ಮತ್ತೆ ಮೂಸಿದಳು. ಆಮೇಲೆ ಸ್ಟೂಲಿನ ಮೇಲೆ ಕುಳಿತು ಸೊಸೆಯನ್ನು ಕರೆದಳು.

"ಬಾರವ್ವ ಇಲ್ಲಿ. ಆ ಜ್ವರ ಬಂದು ಹೋದಾಗಿಂದ ನನಗ ಯಾವ ವಾಸನಿನೂ ತಿಳಿವಲ್ದು. ಯಾರ ಮುಂದೂ ಹೇಳಿಲ್ಲ. ನೀನ ನೋಡಿ ಹೇಳು."

ಯಾರ ಮುಂದೂ ಎಂಬುದರಲ್ಲಿ ನಾನೂ ಸೇರಿದ್ದೆ. ಚಳಿಗಾಲದ ಜ್ವರ ಅದು. ಅಲ್ಲಿಂದೀಚೆಗೆ ಈ ಮಹಾತಾಯಿ ಬರೀ ಧೈರ್ಯದ ಮೇಲೆ ತೀರ್ಪು ಕೊಡುತ್ತಿದ್ದಳು. ನಗು ಬಂತು, ಹಿಂದೆಯೇ ಪಾಪ ಎನಿಸಿತು.

ಶ್ರಾವಣಿ ಎರಡನ್ನೂ ಮೂಸಿದಳು. ಗೆಲುವು ಅವಳ ಬಾಯಲ್ಲೇ ಇತ್ತು. ಒಂದು ಸುಳ್ಳು ಸಾಕಿತ್ತು.

"ನಂದೇ ಕಮಟಾಗೈತಿ ಅತ್ತಯ್ಯ," ಎಂದಳು, ಅತ್ತೆಯಿಂದಲೇ ಕಲಿತ ಕನ್ನಡದಲ್ಲಿ. "ಒಲಿ ಆರಿಸಿ ತಡಾ ಮಾಡಿ ಹಸೀ ಸೊಪ್ಪು ಹಾಕಿದ್ದೆ. ನೀರು ಉಳದಿರಬೇಕು."

ಶಾಂತಾ ಅವಳ ಮುಖವನ್ನೇ ನೋಡಿದಳು. "ಹಂಗಾರ ಸೊಪ್ಪಿಂದೇನು ತಪ್ಪಿಲ್ಲ ಬಿಡು. ಮುಂದಿನ ಸಲ ಕುದಿಯೂವಾಗ ಹಾಕು," ಎಂದಳು.

ಮರುದಿನ ಕೆಳಗೆ ಆಫೀಸಿನ ಕ್ಯಾಬು ಹಾರ್ನ್ ಹೊಡೆಯುತ್ತಿದ್ದರೂ ಶಾಂತಾ ಹಾಲಿನ ಪಾತ್ರೆ ಹಿಡಿದು ಸೊಸೆಗೆ ಅಡ್ಡ ನಿಂತಳು. ಶ್ರಾವಣಿ ಬ್ಯಾಗು ಹೆಗಲಲ್ಲಿದ್ದಂತೆಯೇ ಬಗ್ಗಿ ಮೂಸಿ, "ಚಲೋ ಐತಿ," ಎಂದಳು. ಆಮೇಲೆಯೇ ನನಗೆ ಚಹಾ ಸಿಕ್ಕಿತು.